ಉಮ್ಮನ ಸ್ವರ, ಗೋವಾದ ಉಪ್ಪು ಮತ್ತು ಒಂದು ಸಣ್ಣ ಮಾತ್ರೆಯ ಚರಿತ್ರೆ

ವಾಸ್ಕೋದ ನಮ್ಮ ಹಳೆಯ ಮನೆಯ ಕಪಾಟಿನಲ್ಲಿ ಒಂದು ಮಾತ್ರೆಯ ಬಾಟಲಿ ಇರುತ್ತಿತ್ತು. ನೂರು ಮಾತ್ರೆಯ ಎಲ್ಟ್ರಾಕ್ಸಿನ್. ಗೋವಾದ ಮಳೆಗಾಲದ ಥಂಡಿಗೆ ಮಾತ್ರೆ ಕೆಟ್ಟುಹೋಗುತ್ತದೆ ಎಂದು ಉಮ್ಮ ಆ ಬಾಟಲಿಯನ್ನು ಬಿಸ್ಕತ್ತಿನ ಡಬ್ಬಿಯೊಳಗೆ ಇಟ್ಟು, ಡಬ್ಬಿಯನ್ನು ಕಪಾಟಿನಲ್ಲಿಟ್ಟು, ಬೀಗ ಹಾಕುತ್ತಿದ್ದರು. ಮನೆಯಲ್ಲಿದ್ದ ಸ್ವಲ್ಪ ಚಿನ್ನಕ್ಕೂ ಅಷ್ಟು ಜಾಗ್ರತೆ ಇರಲಿಲ್ಲ. ನಾವು ಮಕ್ಕಳು ತಮಾಷೆ ಮಾಡಿದರೆ, "ಚಿನ್ನ ಹೋದರೆ ಚಿನ್ನ ಹೋಯಿತು. ಇದು ಹೋದರೆ ನಾನು ಹೋದೆ" ಎನ್ನುತ್ತಿದ್ದರು.

ನಮ್ಮ ಸಮುದಾಯದವರು ಊರು ಬಿಟ್ಟು ವ್ಯಾಪಾರಕ್ಕೆ ಹೋದ ಕಥೆಗಳನ್ನು ನಾವು ತುಂಬ ಬರೆದುಕೊಂಡಿದ್ದೇವೆ. ಯಾರು ಎಲ್ಲಿ ಹೋಟೆಲು ಇಟ್ಟರು, ಮೀನಿನ ಲಾರಿ ಯಾರದು, ಮಸೀದಿ ಕಟ್ಟಲು ಜಾಗ ಕೊಟ್ಟವರು ಯಾರು ಎಂಬುದೆಲ್ಲ ನಮಗೆ ಗೊತ್ತು. ಹಾಗೆ ಹೋದವರ ಹೆಂಡಂದಿರು ಪರಭಾಷೆಯ ಊರಿನಲ್ಲಿ ಕಾಯಿಲೆ ಬಿದ್ದಾಗ ಯಾರ ಹತ್ತಿರ ಏನೆಂದು ಹೇಳಿಕೊಂಡರು ಎಂಬುದನ್ನು ಮಾತ್ರ ಬರೆದವರು ಕಡಿಮೆ. ಇದು ಅಂಥ ಒಂದು ಕಾಯಿಲೆಯ ಚರಿತ್ರೆ. ಉಮ್ಮನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಆದರೆ ನಿನ್ನ ತಪ್ಪನ್ನೂ ಬರಿ" ಎಂದಿದ್ದಾರೆ. ಅದು ಮುಂದೆ ಬರುತ್ತದೆ.

ಬಾಪ ಬಂಟ್ವಾಳ ಕಡೆಯಿಂದ ವಾಸ್ಕೋಗೆ ಬಂದದ್ದು 1974ರಲ್ಲಿ. ರೈಲ್ವೆ ಸ್ಟೇಷನ್ನಿನ ಹತ್ತಿರ ಸಣ್ಣ ಚಾದ ಹೋಟೆಲು. ಎರಡು ವರ್ಷ ಕಳೆದು ಉಮ್ಮನನ್ನು ಕರೆಸಿಕೊಂಡರು. ಉಮ್ಮನಿಗೆ ಬ್ಯಾರಿ ಬರುತ್ತಿತ್ತು, ತುಳು ಬರುತ್ತಿತ್ತು, ನಾಲ್ಕನೇ ಕ್ಲಾಸಿನ ಕನ್ನಡ ಬರುತ್ತಿತ್ತು. ಕೊಂಕಣಿ ಮೀನು ಕೊಳ್ಳುವಷ್ಟು ಮಾತ್ರ. ಬೆಳಿಗ್ಗೆ ಹೋಟೆಲಿಗೆ ಬೇಕಾದ ಪತ್ತಿರ್, ಸಾರು ಎಲ್ಲ ಮನೆಯಲ್ಲೇ ಮಾಡಿ ಕಳಿಸುತ್ತಿದ್ದರು. ಸುಬ್‌ಹಿಗೆ ಮೊದಲೇ ಒಲೆ ಹೊತ್ತಿಸುವ ಹೆಂಗಸು.

1988ರ ಹೊತ್ತಿಗೆ ಆ ಹೆಂಗಸು ಬೆಳಿಗ್ಗೆ ಏಳದಂತಾದರು. ಎಬ್ಬಿಸಿದರೆ ಏಳುತ್ತಾರೆ, ಒಲೆಯ ಮುಂದೆ ಕೂತಲ್ಲೇ ತೂಕಡಿಸುತ್ತಾರೆ. ಮೇ ತಿಂಗಳ ಸೆಕೆಯಲ್ಲಿ, ವಾಸ್ಕೋದಲ್ಲಿ, ಕಂಬಳಿ ಹೊದ್ದು ಮಲಗುತ್ತಾರೆ. ಮುಖ ಊದಿತು, ಕಣ್ಣಿನ ಕೆಳಗೆ ಚೀಲ ಬಂತು, ಕೂದಲು ಉದುರಿತು, ಮೊಣಕೈ ಚರ್ಮ ಒಣ ಸೊರಕೆಯ ಹಾಗಾಯಿತು. ತಿನ್ನುವುದು ಕಡಿಮೆ, ತೂಕ ಮಾತ್ರ ಜಾಸ್ತಿ. ಸ್ವರ ಗಡಸಾಗಿ, ಮಾತು ನಿಧಾನವಾಗಿ, ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ನಾವು ಎದ್ದು ಹೋಗಿರುತ್ತಿದ್ದೆವು.

ಔಷಧಿ ಆಗದೆ ಇರಲಿಲ್ಲ. ರಕ್ತ ಕಡಿಮೆ ಎಂದು ಒಬ್ಬರು ಕಬ್ಬಿಣದ ಟಾನಿಕ್ ಕೊಟ್ಟರು, ವಾಯು ಎಂದು ಇನ್ನೊಬ್ಬರು ಗಂಟುನೋವಿನ ಮಾತ್ರೆ ಕೊಟ್ಟರು, ಮನಸ್ಸಿನ ಕಾಯಿಲೆ ಎಂದು ಮೂರನೆಯವರು ನಿದ್ದೆಯ ಮಾತ್ರೆ ಕೊಟ್ಟರು. ಮೊದಲೇ ನಿದ್ದೆಯಲ್ಲಿರುವವರಿಗೆ ನಿದ್ದೆಯ ಮಾತ್ರೆ! ಊರಿಗೆ ಹೋದಾಗ ಕಣ್ಣು ತಾಗಿದೆ ಎಂದು ನೂಲು ಕಟ್ಟಿಸಿದರು. ಯಾರೂ ಕುತ್ತಿಗೆ ಮುಟ್ಟಿ ನೋಡಲಿಲ್ಲ.

ಆ ದವಾಖಾನೆಗಳಿಗೆ ಉಮ್ಮನ ಜೊತೆ ಹೋಗುತ್ತಿದ್ದವನು ನಾನು. ಶಾಲೆಯಲ್ಲಿ ಕೊಂಕಣಿ, ಹಿಂದಿ, ಇಂಗ್ಲಿಷ್ ಕಲಿತ ಹದಿಮೂರು ವರ್ಷದ ದುಭಾಷಿ. ಉಮ್ಮ ಬ್ಯಾರಿಯಲ್ಲಿ ಹೇಳುವುದು, ನಾನು ಡಾಕ್ಟರಿಗೆ ಹೇಳುವುದು. ಉಮ್ಮ ಪ್ರತಿ ಸಲವೂ ಒಂದು ಮಾತು ಹೇಳುತ್ತಿದ್ದರು: ತಿಂಗಳ ಮುಟ್ಟು ಹತ್ತು ಹನ್ನೆರಡು ದಿನ ನಿಲ್ಲುವುದೇ ಇಲ್ಲ ಎಂದು. ನೇರವಾಗಿ ಅಲ್ಲ, ನಮ್ಮ ಮನೆಗಳಲ್ಲಿ ಹೆಂಗಸರು ಸುತ್ತುಬಳಸಿ ಹೇಳುವ ರೀತಿಯಲ್ಲಿ. ನನಗೆ ಅರ್ಥವಾಗುತ್ತಿತ್ತು. ಆದರೆ ಡಾಕ್ಟರಿಗೆ ಅದನ್ನು ನಾನು ಒಂದು ಸಲವೂ ಹೇಳಲಿಲ್ಲ. ನಾಚಿಕೆ. "ಸುಸ್ತು ಅಂತೆ" ಎಂದಷ್ಟೇ ಹೇಳಿ ಮುಗಿಸುತ್ತಿದ್ದೆ. ರಕ್ತ ಕಡಿಮೆಯಾದದ್ದು ಯಾಕೆ ಎಂಬ ಪ್ರಶ್ನೆಗೆ ಅಲ್ಲೇ ಒಂದು ಉತ್ತರ ಇತ್ತು. ಥೈರಾಯ್ಡ್ ಕುಂದಿದ ಹೆಂಗಸರಲ್ಲಿ ಮುಟ್ಟಿನ ರಕ್ತ ಹೆಚ್ಚು ಹೋಗುವುದು ಪುಸ್ತಕದಲ್ಲಿರುವ ಲಕ್ಷಣ. ಇದು ನನ್ನ ತಪ್ಪು. ಬರೆದಿದ್ದೇನೆ.

ಮೂರು ವರ್ಷ ಹೀಗೆ ಹೋಯಿತು. ಮನೆಯಲ್ಲಿ ಜಗಳ. ಬಾಪ ಕೆಟ್ಟವರಲ್ಲ, ಆದರೆ ಹೋಟೆಲು ನಡೆಯಬೇಕಲ್ಲ. "ಸೋಮಾರಿತನಕ್ಕೆ ಮದ್ದಿಲ್ಲ" ಎಂದು ಒಮ್ಮೆ ಎಲ್ಲರ ಎದುರು ಹೇಳಿದರು. ಉಮ್ಮನನ್ನು ಆರು ತಿಂಗಳು ಊರಿಗೆ ಕಳಿಸಿದರು. ಆ ಆರು ತಿಂಗಳಲ್ಲಿ ನೆಂಟರೊಬ್ಬರು ಬಾಪನಿಗೆ ಇನ್ನೊಂದು ಮದುವೆಯ ಸುದ್ದಿ ತೆಗೆದಿದ್ದರು. ಬಾಪ ಬೇಡ ಎನ್ನಲಿಲ್ಲ, ನೋಡೋಣ ಎಂದರು. ಅದು ಉಮ್ಮನ ಕಿವಿಗೂ ಬಿತ್ತು.

ಕೊನೆಗೆ ಕಾಯಿಲೆ ಹಿಡಿದವರು ಮಡಗಾಂವಿನ ಒಬ್ಬ ವಯಸ್ಸಾದ ಡಾಕ್ಟರಮ್ಮ, 1991ರಲ್ಲಿ. ಪೋರ್ಚುಗೀಸರ ಕಾಲದಲ್ಲಿ ಪಣಜಿಯಲ್ಲಿ ಕಲಿತವರು. ಪಣಜಿಯ ಆ ವೈದ್ಯಶಾಲೆ 1842ರಲ್ಲಿ ಶುರುವಾದದ್ದು, ಪಾಠವೆಲ್ಲ ಪೋರ್ಚುಗೀಸಿನಲ್ಲಿ. ಗೋವಾ ಭಾರತಕ್ಕೆ ಸೇರಿದ ಮೇಲೆ 1963ರಲ್ಲಿ ಅದು ಗೋವಾ ಮೆಡಿಕಲ್ ಕಾಲೇಜು ಆಯಿತು, ಆಮೇಲೆ ಬಾಂಬೋಳಿಗೆ ಹೋಯಿತು. ಪಣಜಿಯ ಹಳೆಯ ಕಟ್ಟಡದಲ್ಲಿ ಈಗ ಸಿನಿಮಾ ಉತ್ಸವ ನಡೆಯುತ್ತದೆ.

ಆ ಡಾಕ್ಟರಮ್ಮ ನನ್ನನ್ನು ಹೊರಗೆ ಕಳಿಸಿ, ನರ್ಸ್ ಒಬ್ಬಳನ್ನು ಕರೆದರು. ಅವಳಿಗೆ ಕಾರವಾರದ ಕನ್ನಡ ಬರುತ್ತಿತ್ತು. ಆಮೇಲೆ ನನ್ನನ್ನು ಒಳಗೆ ಕರೆದು, ಮನೆಯಲ್ಲಿ ಉಮ್ಮನ ಹಳೆಯ ಫೋಟೋ ಇದೆಯಾ ಎಂದು ಕೇಳಿದರು. ಬಾಪನ ಪಾಕೀಟಿನಲ್ಲಿ ಒಂದಿತ್ತು, ಮಂಗಳೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಫೋಟೋ ನೋಡಿದರು, ಉಮ್ಮನ ಮುಖ ನೋಡಿದರು. ಉಮ್ಮನನ್ನು ಕುರ್ಚಿಯ ಮೇಲೆ ಮೊಣಕಾಲೂರಿ ನಿಲ್ಲಿಸಿ, ಹಿಮ್ಮಡಿಯ ಮೇಲಿನ ನರಕ್ಕೆ ರಬ್ಬರಿನ ಸುತ್ತಿಗೆಯಿಂದ ಮೆಲ್ಲನೆ ಹೊಡೆದರು. ಪಾದ ಹಿಂದಕ್ಕೆ ಒದೆಯಿತು, ಆದರೆ ವಾಪಸು ಬರುವಾಗ ನಿಧಾನವಾಗಿ, ತೇಲಿಕೊಂಡು ಬಂದ ಹಾಗೆ ಬಂತು. ನಂತರ ಬಾಪನ ಪಾದಕ್ಕೆ ಹೊಡೆದು ತೋರಿಸಿದರು. ಅದು ಚಕ್ಕನೆ ಹೋಗಿ ಚಕ್ಕನೆ ಬಂತು. "ನೋಡಿ, ನಿಮ್ಮ ಹೆಂಡತಿ ಸೋಮಾರಿ ಅಲ್ಲ. ಅವಳ ಸ್ನಾಯುವೇ ನಿಧಾನ" ಎಂದು ಕೊಂಕಣಿಯಲ್ಲಿ ಹೇಳಿದರು. ಸೋಮಾರಿ ಎಂಬ ಮಾತು ಉಮ್ಮ ನರ್ಸಿನ ಹತ್ತಿರ ಹೇಳಿರಬೇಕು. ಬಾಪ ಏನೂ ಮಾತಾಡಲಿಲ್ಲ.

ರಕ್ತ ಮುಂಬಯಿಗೆ ಹೋಯಿತು. ಹತ್ತು ದಿನ ಬಿಟ್ಟು ಬಂದ ಕಾಗದದಲ್ಲಿ ಟಿಎಸ್‌ಎಚ್ ನೂರಕ್ಕಿಂತ ಮೇಲೆ ಇತ್ತು. ನಾಲ್ಕರ ಆಸುಪಾಸಿನೊಳಗೆ ಇರಬೇಕಾದದ್ದು.

ಟಿಎಸ್‌ಎಚ್ ಏನೆಂದು ತಿಳಿಯದೆ ಈ ಕಾಯಿಲೆಯ ಚರಿತ್ರೆ ಅರ್ಥವಾಗುವುದಿಲ್ಲ. ಕುತ್ತಿಗೆಯಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿ ಇದೆ. ಮೈಯ ಒಲೆ ಎಷ್ಟು ಉರಿಯಬೇಕು ಎಂದು ಹೇಳುವುದು ಅದರ ಹಾರ್ಮೋನು. ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಆ ಹಾರ್ಮೋನು ಸಾಕಷ್ಟಿದೆಯೇ ಎಂದು ನೋಡುತ್ತಿರುತ್ತದೆ. ಕಡಿಮೆಯಾದರೆ ಟಿಎಸ್‌ಎಚ್ ಎಂಬ ಆಳನ್ನು ಕಳಿಸಿ, ಕೆಲಸ ಮಾಡು ಎಂದು ಕೂಗಿಸುತ್ತದೆ. ಥೈರಾಯ್ಡ್ ಕೇಳದಿದ್ದರೆ ಕೂಗು ಜೋರಾಗುತ್ತದೆ. ಅದಕ್ಕೇ ಥೈರಾಯ್ಡ್ ಕುಂದಿದಷ್ಟೂ ಟಿಎಸ್‌ಎಚ್ ಏರುತ್ತದೆ. ರಿಪೋರ್ಟಿನಲ್ಲಿ ಅಂಕಿ ಜಾಸ್ತಿ ಇದೆ ಎಂದರೆ ಥೈರಾಯ್ಡ್ ಜಾಸ್ತಿ ಎಂದು ತಿಳಿದುಕೊಂಡವರು ನಮ್ಮಲ್ಲಿ ಈಗಲೂ ಇದ್ದಾರೆ. ಲೆಕ್ಕ ತಲೆಕೆಳಗು.

ಈ ಕಾಯಿಲೆಯನ್ನು ವೈದ್ಯರು ಗುರುತಿಸಿದ್ದೇ ತಡವಾಗಿ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಐದು ಮಂದಿ ಹೆಂಗಸರ ಬಗ್ಗೆ ಬರೆದರು: ಮುಖ ಊದಿದ್ದು, ನಾಲಗೆ ದಪ್ಪವಾದದ್ದು, ಬುದ್ಧಿ ಮಂದವಾದದ್ದು. ಕಾರಣ ಅವರಿಗೆ ತಿಳಿದಿರಲಿಲ್ಲ. ಐದು ವರ್ಷದ ನಂತರ ವಿಲಿಯಂ ಆರ್ಡ್ ಇದಕ್ಕೆ ಮಿಕ್ಸೆಡಿಮಾ ಎಂದು ಹೆಸರಿಟ್ಟರು. ಚರ್ಮದ ಕೆಳಗೆ ಲೋಳೆಯಂಥ ವಸ್ತು ತುಂಬಿದ ಬಾವು ಎಂದು ಅರ್ಥ. 1883ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡೋರ್ ಕೋಚರ್ ಒಂದು ವಿಷಯ ಒಪ್ಪಿಕೊಂಡರು. ಗಳಗಂಡ ಇದ್ದವರ ಥೈರಾಯ್ಡನ್ನು ಪೂರ್ತಿ ಕತ್ತರಿಸಿ ತೆಗೆದ ಮೇಲೆ ಅವರಲ್ಲಿ ಹೆಚ್ಚಿನವರು ಇದೇ ರೀತಿ ಮಂಕಾಗಿದ್ದರು. ತನ್ನ ಕತ್ತಿಯಿಂದ ಆದ ಕೇಡನ್ನು ತಾನೇ ಬರೆದು ಪ್ರಕಟಿಸಿದ ಮನುಷ್ಯ. 1909ರಲ್ಲಿ ಅವರಿಗೆ ನೊಬೆಲ್ ಬಂತು. 1888ರಲ್ಲಿ ಲಂಡನ್ನಿನ ಒಂದು ಸಮಿತಿ ನೂರಕ್ಕೂ ಹೆಚ್ಚು ರೋಗಿಗಳನ್ನು ಪರಿಶೀಲಿಸಿ, ಇದೆಲ್ಲದಕ್ಕೂ ಥೈರಾಯ್ಡ್ ಇಲ್ಲದಿರುವುದೇ ಕಾರಣ ಎಂದು ತೀರ್ಮಾನಿಸಿತು.

ಇನ್ನು ಮುಂದಿನ ಹೆಜ್ಜೆ ಇಟ್ಟದ್ದು ಲಿಸ್ಬನ್ನಿನಲ್ಲಿ. ಗೋವಾವನ್ನು ಆಳುತ್ತಿದ್ದ ಊರಿನಲ್ಲಿ. ಇದನ್ನು ನಾನು ಓದಿದ್ದು ತೀರ ಇತ್ತೀಚೆಗೆ. 1890ರಲ್ಲಿ ಬೆಟೆನ್‌ಕೋರ್ಟ್ ರೊಡ್ರಿಗಸ್ ಮತ್ತು ಸೆರ್ರಾನೊ ಎಂಬ ಇಬ್ಬರು ವೈದ್ಯರು ಮಿಕ್ಸೆಡಿಮಾ ಆದ ಒಬ್ಬ ಹೆಂಗಸಿನ ಎದೆಯ ಕೆಳಗೆ, ಚರ್ಮದಡಿಯಲ್ಲಿ, ಕುರಿಯ ಥೈರಾಯ್ಡನ್ನು ಇಟ್ಟು ಹೊಲಿದರು. ಮರುದಿನವೇ ಅವಳ ಸ್ಥಿತಿ ಸುಧಾರಿಸತೊಡಗಿತು. ಕಸಿ ಮಾಡಿದ ಗ್ರಂಥಿಗೆ ಒಂದೇ ದಿನದಲ್ಲಿ ರಕ್ತನಾಳ ಬೆಳೆಯುವುದಿಲ್ಲ. ಹಾಗಾದರೆ ಗ್ರಂಥಿಯ ರಸವೇ ಸೋರಿ ಮೈಗೆ ಸೇರಿದೆ. ಕಸಿ ಬೇಡ, ರಸ ಸಾಕು. ಈ ದಾರಿಯಲ್ಲಿ ಯೋಚಿಸಿ 1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲಿನ ಜಾರ್ಜ್ ಮರ್ರೆ ಎಂಬ ಯುವಕ ವೈದ್ಯರು ಕುರಿಯ ಥೈರಾಯ್ಡಿನ ರಸವನ್ನು 46 ವರ್ಷದ ಹೆಂಗಸಿಗೆ ಸೂಜಿಯಲ್ಲಿ ಕೊಟ್ಟರು. ಮರುವರ್ಷ ಬೇರೆ ವೈದ್ಯರು ಬಾಯಲ್ಲಿ ಕೊಟ್ಟರೂ ಆಗುತ್ತದೆ ಎಂದು ತೋರಿಸಿದರು. ಮರ್ರೆಯವರ ಆ ರೋಗಿ ಇನ್ನೂ 28 ವರ್ಷ ಬದುಕಿ 1919ರಲ್ಲಿ ತೀರಿಕೊಂಡರು. ಅಷ್ಟು ವರ್ಷಗಳಲ್ಲಿ ಅವರಿಗೆ ಬೇಕಾದ ರಸಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಖರ್ಚಾಗಿತ್ತು ಎಂದು ಮರ್ರೆ ಲೆಕ್ಕ ಕೊಟ್ಟಿದ್ದಾರೆ.

ಈ ಲೆಕ್ಕ ಉಮ್ಮನಿಗೆ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ನನ್ನ ಮಾತ್ರೆಯಲ್ಲಿ ಯಾವ ಪ್ರಾಣಿ ಇದೆ ಎಂದು. ನಮ್ಮಲ್ಲಿ ಅನೇಕರು ಕೇಳುವ, ಕೇಳಲು ಹಿಂಜರಿದು ಮಾತ್ರೆಯನ್ನೇ ಬಿಟ್ಟುಬಿಡುವ ಪ್ರಶ್ನೆ ಇದು. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನನ್ನು ಮೊದಲು ಶುದ್ಧ ರೂಪದಲ್ಲಿ ಪಡೆದದ್ದು ಹಂದಿಯ ಗ್ರಂಥಿಗಳಿಂದಲೇ. ಹಂದಿಯ ಒಣ ಥೈರಾಯ್ಡಿನ ಪುಡಿ ಕೆಲವು ದೇಶಗಳಲ್ಲಿ ಈಗಲೂ ಮಾರಾಟವಾಗುತ್ತದೆ. ಆದರೆ 1926-27ರಲ್ಲಿ ಬ್ರಿಟನ್ನಿನ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಥೈರಾಕ್ಸಿನಿನ ರಚನೆ ಕಂಡುಹಿಡಿದು, ಅದನ್ನು ಪ್ರಯೋಗಶಾಲೆಯಲ್ಲಿ ರಾಸಾಯನಿಕಗಳಿಂದಲೇ ತಯಾರಿಸಿದರು. ನಮ್ಮ ಅಂಗಡಿಗಳಲ್ಲಿ ಸಿಗುವ ಎಲ್ಟ್ರಾಕ್ಸಿನ್, ಥೈರೋನಾರ್ಮ್ ಎಲ್ಲದರಲ್ಲಿರುವುದು ಹೀಗೆ ತಯಾರಿಸಿದ ಲಿವೋಥೈರಾಕ್ಸಿನ್. ಆ ಹಾರ್ಮೋನು ಯಾವ ಪ್ರಾಣಿಯಿಂದಲೂ ಬಂದದ್ದಲ್ಲ.

ಹೀಗೆ ಮದ್ದು ಸಿಕ್ಕಿತು, ಆದರೆ ಪರೀಕ್ಷೆ ಸಿಗಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು. ಅದುವರೆಗೆ ಉಸಿರಾಟದಲ್ಲಿ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂದು ಅಳೆಯುವುದು, ಹಿಮ್ಮಡಿಗೆ ಸುತ್ತಿಗೆ ಹೊಡೆಯುವುದು, ಹಳೆಯ ಫೋಟೋ ನೋಡುವುದು. ನಮ್ಮ ಡಾಕ್ಟರಮ್ಮ ಮಾಡಿದ್ದು ಅದನ್ನೇ. ರಕ್ತದಲ್ಲಿರುವ ಅತಿ ಸಣ್ಣ ಪ್ರಮಾಣದ ಹಾರ್ಮೋನನ್ನು ವಿಕಿರಣದ ಸಹಾಯದಿಂದ ಅಳೆಯುವ ವಿಧಾನವನ್ನು ನ್ಯೂಯಾರ್ಕಿನ ರೊಸಾಲಿನ್ ಯಾಲೋ ಮತ್ತು ಸೊಲೊಮನ್ ಬರ್ಸನ್ 1960ರ ಹೊತ್ತಿಗೆ ಕಂಡುಕೊಂಡರು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು, ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಮನುಷ್ಯರ ಟಿಎಸ್‌ಎಚ್ ಅಳೆಯುವ ವಿಧಾನವನ್ನು ರಾಬರ್ಟ್ ಉಟಿಗರ್ ಪ್ರಕಟಿಸಿದ್ದು 1965ರಲ್ಲಿ. ಮುಂಬಯಿಯಲ್ಲಿ ಅಣುಶಕ್ತಿ ಇಲಾಖೆಯ ವಿಕಿರಣ ವೈದ್ಯಕೀಯ ಕೇಂದ್ರ 1963ರಿಂದಲೇ ಇತ್ತು. ಆದರೆ ಮುಂಬಯಿಯಿಂದ ವಾಸ್ಕೋದ ಒಂದು ಚಾದ ಹೋಟೆಲಿನ ಹಿಂದಿನ ಮನೆಗೆ ಆ ಪರೀಕ್ಷೆ ತಲುಪಲು ಇಷ್ಟು ವರ್ಷ ಬೇಕಾಯಿತು.

ಮಾತ್ರೆ ಶುರುವಾದ ಎರಡನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಉಮ್ಮ ಅಡಿಗೆಕೋಣೆಯಿಂದ ನನ್ನ ತಂಗಿಯನ್ನು ಕೂಗಿ ಬೈದರು. ನಾನು ಹಾಸಿಗೆಯಲ್ಲೇ ಎದ್ದು ಕೂತೆ. ಅದು ಹಳೆಯ ಸ್ವರ. ಮೂರು ವರ್ಷ ಕೇಳದಿದ್ದ ಸ್ವರ. ಬಾಪ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದವರು ಹಾಗೇ ನಿಂತುಬಿಟ್ಟಿದ್ದರು. ಮದುವೆಯ ಸುದ್ದಿ ತೆಗೆದಿದ್ದ ನೆಂಟರು ಆಮೇಲೆ ನಮ್ಮ ಮನೆಗೆ ಬಂದದ್ದು ಕಡಿಮೆ.

ಈಗ ಉಪ್ಪಿನ ವಿಷಯ. ಥೈರಾಯ್ಡ್ ಎಂದ ಕೂಡಲೇ ನಮ್ಮವರು ಎರಡು ಮಾತು ಹೇಳುತ್ತಾರೆ. ಒಂದು, "ನಾವು ಮೀನು ತಿನ್ನುವವರು, ನಮಗೆ ಅಯೋಡಿನ್ ಕೊರತೆ ಇಲ್ಲ." ಇನ್ನೊಂದು, "ಸಮುದ್ರದ ಕಲ್ಲುಪ್ಪಿನಲ್ಲೇ ಅಯೋಡಿನ್ ಇದೆ." ಮೊದಲನೆಯದು ಅರ್ಧ ಸತ್ಯ. ಎರಡನೆಯದು ಸುಳ್ಳು. ಬಿಸಿಲಿಗೆ ಒಣಗಿಸಿದ ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ಉಳಿಯುವುದು ತೀರ ಅತ್ಯಲ್ಪ.

ಗೋವಾಕ್ಕೂ ಉಪ್ಪಿಗೂ ಹಳೆಯ ನಂಟು. ರಾಯ್ಬಂದರ್, ಆಗರವಾಡೋ, ನೇರುಲ್ ಕಡೆ ಹೋದರೆ ಈಗಲೂ ಉಪ್ಪಿನ ಆಗರಗಳು ಕಾಣುತ್ತವೆ; ಕೊಂಕಣಿಯಲ್ಲಿ ಮಿಠಾಗರ್ ಎನ್ನುತ್ತಾರೆ. ಲಮಾಣಿಗಳು ಎತ್ತಿನ ಮೇಲೆ ಹೇರಿಕೊಂಡು ಘಟ್ಟ ಹತ್ತಿಸಿ ಕನ್ನಡನಾಡಿಗೆ ತರುತ್ತಿದ್ದ ಉಪ್ಪಿನಲ್ಲಿ ಗೋವಾದ ಪಾಲು ದೊಡ್ಡದು. ಬ್ರಿಟಿಷರಿಗೆ ತಮ್ಮ ಉಪ್ಪಿನ ತೆರಿಗೆಗೆ ಇದರಿಂದ ನಷ್ಟ. ಹಾಗಾಗಿ 1878ರಲ್ಲಿ ಪೋರ್ಚುಗಲ್ ಜೊತೆ ಒಪ್ಪಂದ ಮಾಡಿಕೊಂಡು ಗೋವಾದ ಉಪ್ಪಿನ ಮೇಲೆ ಹಿಡಿತ ಸಾಧಿಸಿದರು. 1892ರವರೆಗೆ ಅದು ನಡೆಯಿತು, ಎಷ್ಟೋ ಆಗರಗಳು ಪಾಳುಬಿದ್ದವು. ಅದೇ ಒಪ್ಪಂದದ ಫಲವಾಗಿ ಬಂದದ್ದು ಮುರಗಾಂವ್ ರೈಲು. ಬಾಪನ ಹೋಟೆಲಿಗೆ ಗಿರಾಕಿಗಳನ್ನು ಕೊಟ್ಟ ರೈಲು ಉಪ್ಪಿನ ಜಗಳದ ಕೂಸು ಎಂದು ಬಾಪನಿಗೆ ಗೊತ್ತಿರಲಿಲ್ಲ; ನನಗೂ ಗೊತ್ತಾದದ್ದು ಅವರು ತೀರಿಕೊಂಡ ಮೇಲೆ.

ಅಯೋಡಿನ್ ಕೊರತೆಯಿಂದ ಕುತ್ತಿಗೆ ಊದುವುದು ಹಿಮಾಲಯದ ತಪ್ಪಲಿನಲ್ಲಿ ಬಲು ಹೆಚ್ಚು, ನಮ್ಮ ಚಿಕ್ಕಮಗಳೂರು, ಕೊಡಗಿನ ಮಲೆನಾಡಿನಲ್ಲೂ ಇತ್ತು. ಮಳೆ ಮಣ್ಣಿನ ಅಯೋಡಿನನ್ನು ತೊಳೆದುಕೊಂಡು ಹೋಗುವುದೇ ಕಾರಣ. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು 1956ರಿಂದ ಕಾಂಗ್ರಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿ ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಅಯೋಡಿನ್ ಇಲ್ಲದ ಅಡಿಗೆ ಉಪ್ಪಿನ ಮಾರಾಟಕ್ಕೆ ದೇಶಮಟ್ಟದಲ್ಲಿ ಹಾಕಿದ್ದ ನಿಷೇಧವನ್ನು 2000ದಲ್ಲಿ ತೆಗೆದು, 2006ರಲ್ಲಿ ಮತ್ತೆ ತಂದರು. ಗೋವಾದ ಆಗರಗಳ ಉಪ್ಪಿಗೆ, ನಮ್ಮ ಸಾಣಿಕಟ್ಟೆಯಂಥ ಕಡೆಯ ಉಪ್ಪಿಗೆ ಇದರಿಂದ ಪೆಟ್ಟು ಬಿದ್ದದ್ದು ನಿಜ. ಆ ಕುಟುಂಬಗಳ ದುಃಖ ಸುಳ್ಳಲ್ಲ. ಆದರೂ ಅಯೋಡಿನ್ ಉಪ್ಪಿನ ಪಕ್ಷ ವಹಿಸದೆ ನನಗೆ ದಾರಿಯಿಲ್ಲ.

ಯಾಕೆಂದರೆ ನನಗೊಬ್ಬ ಅಣ್ಣನಿದ್ದ, ಉಮ್ಮನ ಅಕ್ಕನ ಮಗ. 1970ರ ದಶಕದ ಮೊದಲಲ್ಲಿ ಊರಲ್ಲಿ ಹುಟ್ಟಿದವನು. ತುಂಬ ಒಳ್ಳೆಯ ಮಗು ಎಂದು ಎಲ್ಲರೂ ಹೊಗಳುತ್ತಿದ್ದರಂತೆ: ಅಳುವುದೇ ಇಲ್ಲ, ಹಾಲಿಗೂ ಎಬ್ಬಿಸಬೇಕು. ನಾಲಗೆ ಸ್ವಲ್ಪ ಹೊರಗೆ, ಹೊಕ್ಕುಳು ಉಬ್ಬಿಕೊಂಡಿತ್ತು, ಹಳದಿ ಬೇಗ ಇಳಿಯಲಿಲ್ಲ. ನಡೆಯುವಾಗ ನಾಲ್ಕು ವರ್ಷ. ಮಾತು ಪೂರ್ತಿ ಬರಲೇ ಇಲ್ಲ. ಕುಳ್ಳಗೆ ಉಳಿದ. ಮಸೀದಿಯ ಮೆಟ್ಟಿಲ ಹತ್ತಿರ ಕೂತು ಎಲ್ಲರ ಚಪ್ಪಲಿ ಸಾಲಾಗಿ ಜೋಡಿಸುತ್ತಿದ್ದ. ಮೂವತ್ತು ತುಂಬುವ ಮೊದಲೇ ಹೋದ. ಅವನಿಗೆ ಒಂದು ಸಲವೂ ರಕ್ತಪರೀಕ್ಷೆ ಆಗಲಿಲ್ಲ, ಆದ್ದರಿಂದ ಅದು ಹುಟ್ಟಿನಿಂದಲೇ ಬಂದ ಥೈರಾಯ್ಡ್ ಕೊರತೆ ಎಂದು ನಾನು ಆಣೆ ಮಾಡಲಾರೆ. ಆದರೆ ಬಾಂಬೋಳಿಯಲ್ಲಿ ನನ್ನ ತಂಗಿಯ ಹೆರಿಗೆಯ ಸಮಯದಲ್ಲಿ ಗೋಡೆಗೆ ಅಂಟಿಸಿದ್ದ ಕಾಗದದಲ್ಲಿ ಈ ಲಕ್ಷಣಗಳನ್ನು ಒಂದೊಂದಾಗಿ ಓದುತ್ತಾ ಹೋದಾಗ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅದು 2009. ಮಗು ಹುಟ್ಟಿ ಎರಡು ದಿನ ಕಳೆದ ಮೇಲೆ ನರ್ಸ್ ಬಂದು ಅದರ ಹಿಮ್ಮಡಿಗೆ ಚುಚ್ಚಿ, ದಪ್ಪ ಕಾಗದದ ಮೇಲಿನ ವೃತ್ತಗಳಿಗೆ ರಕ್ತದ ಹನಿ ಬೀಳಿಸಿದಳು. ತಂಗಿ ಅತ್ತಳು. ಯಾಕೆ ಎಂದು ನಾನು ಕೇಳಿದೆ. ಹಿಂದಿನ ವರ್ಷ, 2008ರಲ್ಲಿ, ಗೋವಾ ಸರ್ಕಾರ ನವಜಾತ ಶಿಶುಗಳನ್ನು ಹುಟ್ಟಿನಿಂದ ಬರುವ ಸುಮಾರು ಐವತ್ತು ಕಾಯಿಲೆಗಳಿಗಾಗಿ ಪರೀಕ್ಷಿಸುವ ಕಾರ್ಯಕ್ರಮ ಶುರುಮಾಡಿತ್ತು. ರಾಜ್ಯ ಸರ್ಕಾರವೊಂದು ಹೀಗೆ ಮಾಡಿದ್ದು ದೇಶದಲ್ಲಿ ಅದೇ ಮೊದಲು. ಒಣಗಿದ ರಕ್ತದ ಆ ಕಾಗದ ಹೋಗುತ್ತಿದ್ದದ್ದು ಬೆಂಗಳೂರಿನ ಪ್ರಯೋಗಶಾಲೆಗೆ. ಉಮ್ಮನ ರಕ್ತ ಮುಂಬಯಿಗೆ ಹೋಗಿತ್ತು, ಮೊಮ್ಮಗನದು ಬೆಂಗಳೂರಿಗೆ ಹೋಯಿತು.

ಐವತ್ತು ಕಾಯಿಲೆಗಳಲ್ಲಿ ಹೆಚ್ಚಿನವು ಅಪರೂಪದವು, ಚಿಕಿತ್ಸೆಯೂ ಕಷ್ಟ. ಥೈರಾಯ್ಡ್ ಕೊರತೆ ಹಾಗಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬೇರೆ ಬೇರೆ ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು 1,130 ಮಕ್ಕಳಲ್ಲಿ ಒಂದಕ್ಕೆ ಇದು ಕಂಡಿತು. ಚೆನ್ನೈಯಲ್ಲಿ 727ಕ್ಕೆ ಒಂದು. ಮೊದಲ ಎರಡು ವಾರದಲ್ಲಿ ಮಾತ್ರೆ ಪುಡಿಮಾಡಿ ಚಮಚದಲ್ಲಿ ತಾಯಿಯ ಹಾಲಿಗೆ ಬೆರೆಸಿ ಕೊಡಲು ಶುರುಮಾಡಿದರೆ ಮಗು ಎಲ್ಲರ ಹಾಗೆ ಬೆಳೆಯುತ್ತದೆ, ಓದುತ್ತದೆ. ತಿಂಗಳುಗಟ್ಟಲೆ ತಡವಾದರೆ ಮೆದುಳಿಗೆ ಆದ ನಷ್ಟ ವಾಪಸು ಬರುವುದಿಲ್ಲ. ಕೆನಡಾದ ಕ್ವಿಬೆಕ್ಕಿನಲ್ಲಿ ಈ ಪರೀಕ್ಷೆ 1974ರಲ್ಲೇ ಶುರುವಾಗಿತ್ತು. ನನ್ನ ಅಣ್ಣ ಅಷ್ಟರಲ್ಲಿ ಹುಟ್ಟಿಯಾಗಿತ್ತು, ಅದೂ ಬಂಟ್ವಾಳ ತಾಲೂಕಿನಲ್ಲಿ. ತಂಗಿಯ ಮಗುವಿನ ರಿಪೋರ್ಟ್ ಸರಿಯಿತ್ತು. ನಿಮ್ಮ ಮನೆಯಲ್ಲಿ ಹೆರಿಗೆ ಎಲ್ಲೇ ಆಗಲಿ, ಡಿಸ್ಚಾರ್ಜ್ ಆಗುವ ಮೊದಲು ಮಗುವಿನ ಟಿಎಸ್‌ಎಚ್ ನೋಡಿದ್ದಾರಾ ಎಂದು ಬಾಯಿಬಿಟ್ಟು ಕೇಳಿ.

ತಂಗಿಗೂ ಅಷ್ಟರಲ್ಲಿ ಥೈರಾಯ್ಡ್ ಇತ್ತು. ಬಸಿರಾದ ಕೂಡಲೇ ಅವಳ ಮಾತ್ರೆಯ ಪ್ರಮಾಣ ಹೆಚ್ಚಿಸಿದರು, ಯಾಕೆಂದರೆ ಮೊದಲ ತಿಂಗಳುಗಳಲ್ಲಿ ಹೊಟ್ಟೆಯ ಮಗುವಿಗೂ ತಾಯಿಯ ಹಾರ್ಮೋನೇ ಆಧಾರ. ಬಸಿರಲ್ಲಿ ಮಾತ್ರೆ ತಿನ್ನಬಾರದು ಎಂದು ಊರಿನ ಹಿರಿಯರು ಫೋನಿನಲ್ಲಿ ಹೇಳಿದ್ದರು. ಉಮ್ಮ ಫೋನು ಕಿತ್ತುಕೊಂಡು ಮಾತಾಡಿದರು.

ಅಯೋಡಿನ್ ಉಪ್ಪು ಎಲ್ಲ ಕಡೆ ಸಿಗುತ್ತಿದ್ದರೂ ಥೈರಾಯ್ಡ್ ಯಾಕೆ ಇಷ್ಟು ಎಂದು ಕೇಳುವವರಿದ್ದಾರೆ. ದೊಡ್ಡವರಲ್ಲಿ ಈಗ ಕಾಣುವುದರಲ್ಲಿ ಬಹುಪಾಲು ಅಯೋಡಿನ್ ಕೊರತೆಯಲ್ಲ. ಮೈಯ ರಕ್ಷಣಾ ವ್ಯವಸ್ಥೆಯೇ ತನ್ನ ಥೈರಾಯ್ಡನ್ನು ವೈರಿ ಎಂದುಕೊಂಡು ಹಾಳುಮಾಡುವುದು. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ಇದನ್ನು ಮೊದಲು ವರ್ಣಿಸಿದ್ದರಿಂದ ಅವರ ಹೆಸರೇ ಇದಕ್ಕೆ. ಇದಕ್ಕೆ ಹೆಚ್ಚು ಉಪ್ಪು ತಿಂದರೆ ಗುಣವಿಲ್ಲ, ಉಪ್ಪು ಬಿಟ್ಟರೂ ಗುಣವಿಲ್ಲ. 2013ರಲ್ಲಿ ಪ್ರಕಟವಾದ ಎಂಟು ನಗರಗಳ ಒಂದು ಅಧ್ಯಯನದಲ್ಲಿ ಗೋವಾವೂ ಇತ್ತು, ಬೆಂಗಳೂರೂ ಇತ್ತು. 5,376 ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಥೈರಾಯ್ಡ್ ಕೊರತೆ. ಅವರಲ್ಲಿ ಮೂರನೇ ಒಂದು ಪಾಲು ಜನಕ್ಕೆ ತಮಗೆ ಕಾಯಿಲೆ ಇರುವುದೇ ಗೊತ್ತಿರಲಿಲ್ಲ. ಗೋವಾ, ಮುಂಬಯಿ, ಚೆನ್ನೈಯಂಥ ಕಡಲತಡಿಯ ಊರುಗಳಲ್ಲಿ ಒಳನಾಡಿಗಿಂತ ಸ್ವಲ್ಪ ಕಡಿಮೆ, ಅಷ್ಟೇ. ಮೀನು ತಿನ್ನುವವರಿಗೂ ಬರುತ್ತದೆ.

ಮದ್ದು ಸಿಕ್ಕಿದ ಮೇಲೂ ಸರಿಯಾಗಿ ತೆಗೆದುಕೊಳ್ಳುವುದು ಒಂದು ವಿದ್ಯೆ. ಉಮ್ಮ ಅದನ್ನು ತಪ್ಪು ಮಾಡಿಯೇ ಕಲಿತರು. 1995ರಲ್ಲಿ ಊರಿಗೆ ಹೋದವರು, ಈಗ ಗುಣವಾಗಿದೆ, ಇನ್ನು ಮಾತ್ರೆ ಅಭ್ಯಾಸವಾಗಿಬಿಡುತ್ತದೆ ಎಂದು ಯಾರೋ ಹೇಳಿದ್ದಕ್ಕೆ ನಿಲ್ಲಿಸಿದರು. ಈ ಮಾತ್ರೆ ಮೈಯಲ್ಲಿ ಅರ್ಧಕ್ಕೆ ಇಳಿಯಲು ಒಂದು ವಾರ ಬೇಕು, ಹಾಗಾಗಿ ನಿಲ್ಲಿಸಿದ ತಕ್ಷಣ ಏನೂ ಗೊತ್ತಾಗುವುದಿಲ್ಲ. ಮೂರು ತಿಂಗಳಲ್ಲಿ ಸ್ವರ ಮತ್ತೆ ಗಡಸಾಯಿತು. ಇನ್ನೊಮ್ಮೆ, ಕಬ್ಬಿಣದ ಮಾತ್ರೆಯನ್ನೂ ಇದನ್ನೂ ಒಟ್ಟಿಗೆ ನುಂಗಿ ವರ್ಷಗಟ್ಟಲೆ ಟಿಎಸ್‌ಎಚ್ ಇಳಿಯಲೇ ಇಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು, ಅರ್ಧ ಗಂಟೆಯಿಂದ ಒಂದು ಗಂಟೆ ಚಾ ಕೂಡ ಕುಡಿಯಬಾರದು. ಚಾದ ಹೋಟೆಲಿನವರ ಮನೆಯಲ್ಲಿ ಇದು ಸಣ್ಣ ಶಿಕ್ಷೆಯಲ್ಲ. ರಂಝಾನಿನಲ್ಲಿ ಏನು ಮಾಡುವುದು ಎಂದು ತುಂಬ ಜನ ಕೇಳುತ್ತಾರೆ. ಅತ್ತಾಳಕ್ಕೆ ಅರ್ಧ ಗಂಟೆ ಮೊದಲೇ ಎದ್ದು ತೆಗೆದುಕೊಳ್ಳಬಹುದು, ಇಲ್ಲವೇ ರಾತ್ರಿ ಊಟವಾಗಿ ಮೂರು ಗಂಟೆ ಕಳೆದು ಮಲಗುವಾಗ. ಉಪವಾಸ ಎಂದು ತಿಂಗಳಿಡೀ ಬಿಡಬಾರದು. ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಮತ್ತೆ ಪರೀಕ್ಷೆ, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ತೀರ ಕಡಿಮೆಯಿಂದ ಶುರುಮಾಡುತ್ತಾರೆ. ಪಕ್ಕದ ಮನೆಯವರ ಚೀಟಿ ನೋಡಿ ತೆಗೆದುಕೊಳ್ಳುವ ಮದ್ದಲ್ಲ ಇದು.

ಗೋವಾದಲ್ಲಿ ಈಗ ಪರೀಕ್ಷೆಗೆ ರಕ್ತ ಮುಂಬಯಿಗೆ ಹೋಗಬೇಕಾಗಿಲ್ಲ. ತೊಂದರೆ ಬೇರೆ ಕಡೆ ಇದೆ. 2018ರ ಜನವರಿಯಿಂದ ಬಾಂಬೋಳಿಯ ಆಸ್ಪತ್ರೆಯಲ್ಲಿ ಹೊರರಾಜ್ಯದವರಿಗೆ ಶುಲ್ಕ ಬಂತು. ಗೋವಾದ ಆರೋಗ್ಯ ಕಾರ್ಡು ಬೇಕಾದರೆ ಐದು ವರ್ಷ ಅಲ್ಲಿ ವಾಸವಿದ್ದಿರಬೇಕು. ನಮ್ಮಂಥ ಹಳಬರಿಗೆ ಅದು ಸಿಕ್ಕಿದೆ. ಬೈನಾದಲ್ಲಿ, ಜುವಾರಿನಗರದಲ್ಲಿ ಇರುವ ವಿಜಯಪುರ, ಗದಗ ಕಡೆಯ ಕೂಲಿ ಹೆಂಗಸರಲ್ಲಿ ವರ್ಷಕ್ಕೊಂದು ಬಾಡಿಗೆ ಮನೆ ಬದಲಿಸುವವರು ಐದು ವರ್ಷದ ಕಾಗದ ಎಲ್ಲಿಂದ ತರಬೇಕು?

ಉಮ್ಮನಿಗೆ ಈಗ ಎಪ್ಪತ್ತು ದಾಟಿದೆ. ದಿನಾ 75 ಮೈಕ್ರೋಗ್ರಾಮ್. ಬಾಟಲಿಯ ಬದಲು ಪಟ್ಟಿಯಲ್ಲಿ ಬರುತ್ತದೆ, ಆದರೂ ಬಿಸ್ಕತ್ತಿನ ಡಬ್ಬಿಯಲ್ಲೇ ಇಡುತ್ತಾರೆ. ಸಂಜೆ ಮನೆಯ ಮುಂದೆ ಕೂತು, ಕಟ್ಟಡದ ಕೆಲಸ ಮುಗಿಸಿ ಹೋಗುವ ಆ ಹೆಂಗಸರನ್ನು ನಿಲ್ಲಿಸಿ ತನ್ನ ನಾಲ್ಕನೇ ಕ್ಲಾಸಿನ ಕನ್ನಡದಲ್ಲಿ ಮಾತಾಡಿಸುತ್ತಾರೆ. ಮಾತಿನಲ್ಲಿ ಅವರಿಗೆ ಆಸಕ್ತಿಯಿಲ್ಲ, ಸ್ವರ ಕೇಳುತ್ತಾರೆ. ಹೋದ ತಿಂಗಳು ಒಬ್ಬಳನ್ನು ಕೂರಿಸಿಕೊಂಡು, "ನಿನ್ನ ಸ್ವರ ಮೊದಲೂ ಹೀಗೇ ಇತ್ತಾ? ಹಳೇ ಫೋಟೋ ಉಂಟಾ?" ಎಂದು ಕೇಳಿದರಂತೆ. ಅವಳು ಮೊಬೈಲಿನಲ್ಲಿ ಮದುವೆಯ ಫೋಟೋ ತೋರಿಸಿದಳು. ಉಮ್ಮ ನನಗೆ ಫೋನು ಮಾಡಿದರು. "ನಾಳೆ ಅವಳನ್ನು ಪರೀಕ್ಷೆಗೆ ಕರೆದುಕೊಂಡು ಹೋಗಬೇಕು. ನೀನು ಬರುವುದು ಬೇಡ, ನಿನ್ನ ಹೆಂಡತಿಯನ್ನು ಕಳಿಸು" ಎಂದರು.